ಹಳೆಯ ಛಾಯಾಚಿತ್ರದಲ್ಲಿ ಸಂಕೇತಗಳನ್ನು ಓದುವ ಬಗೆ

ದಿನನಿತ್ಯದ ಬದುಕನ್ನು ತೋರಿಸುವ ಹಳೆಯ ಛಾಯಾಚಿತ್ರವನ್ನು ಅರ್ಥೈಸಲು ಹೊರಟವರು, ಅದರಲ್ಲಿ ಕಾಣುವ ಯಾವುದನ್ನೇ ಆಗಲಿ ಸಂಕೇತವೆಂದು ಕರೆಯುವ ಮುನ್ನ, ಅದು ಚಿತ್ರದೊಳಗೆ ಬಂದದ್ದು ಹೇಗೆ ಎಂದು ಕೇಳಿಕೊಳ್ಳಬೇಕು.

ಮೊದಲು ಕ್ಯಾಮೆರಾದ ಮಿತಿಗಳನ್ನು ಗಮನಿಸಿ. 1838ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಫ್ರಾನ್ಸಿನ ಡಾಗೇರ್ ತೆಗೆದ ಪ್ಯಾರಿಸ್ಸಿನ ಬೀದಿಯ ಚಿತ್ರವು ಬಹುತೇಕ ನಿರ್ಜನವಾಗಿದೆ. ಅದನ್ನು ನಗರದ ಒಂಟಿತನವೆಂದು ಓದುವುದು ಸುಲಭ, ಆದರೆ ಚಿತ್ರ ಮೂಡುವ ಫಲಕವನ್ನು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಾಗಿದ್ದುದರಿಂದ ಓಡಾಡುತ್ತಿದ್ದ ಜನರೂ ಗಾಡಿಗಳೂ ಅದರಲ್ಲಿ ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ ಉಳಿದುಕೊಂಡಿತು. ಹತ್ತೊಂಬತ್ತನೆಯ ಶತಮಾನದ ಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದುದರಿಂದ ಕೆಂಪು ಉಡುಪು ಕಪ್ಪಾಗಿ ಕಾಣುವುದುಂಟು. ಆದ್ದರಿಂದ ಕಪ್ಪು ಬಟ್ಟೆ ಕಂಡಲ್ಲೆಲ್ಲ ಶೋಕವನ್ನು ಊಹಿಸಬಾರದು. ಡಾಗೇರಿಯೊಟೈಪ್, ಅಂದರೆ ಡಾಗೇರ್‌ನ ವಿಧಾನದಲ್ಲಿ ಲೋಹದ ಫಲಕದ ಮೇಲೆ ನೇರವಾಗಿ ಮೂಡಿಸಿದ, ಚಿತ್ರಗಳಲ್ಲಿ ಎಡಬಲಗಳು ಸಾಮಾನ್ಯವಾಗಿ ಅದಲುಬದಲಾಗಿರುತ್ತವೆ. ಉಂಗುರ ಯಾವ ಕೈಯಲ್ಲಿದೆ ಎಂಬುದರ ಮೇಲೆ ತೀರ್ಮಾನ ಕಟ್ಟುವವರು ಇದನ್ನು ಮರೆಯಬಾರದು.

ಅನಂತರ ರೂಢಿಯ ಸರದಿ. ಸ್ಟುಡಿಯೋದಲ್ಲಿ ಕುಳಿತವರ ಕೈಯ ಪುಸ್ತಕ, ಪಕ್ಕದ ಕಂಬ, ಹಿಂದಿನ ಬಣ್ಣದ ಪರದೆ ಇವೆಲ್ಲ ಅನೇಕ ವೇಳೆ ಸ್ಟುಡಿಯೋದ ಸಾಮಗ್ರಿಗಳೇ ಆಗಿದ್ದವು. ಅವು ಕುಳಿತವರ ಆಸ್ತಿಯನ್ನಲ್ಲ, ಅವರು ಹೇಗೆ ಕಾಣಬಯಸಿದ್ದರು ಎಂಬುದನ್ನು ಹೇಳಬಲ್ಲವು. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಬೆಲೆಯುಳ್ಳ ಮಾಹಿತಿ. ನಗದ ಮುಖವೂ ಬಹುಪಾಲು ಆ ಕಾಲದ ಶಿಷ್ಟಾಚಾರವೇ ಹೊರತು ದುಃಖದ ಗುರುತಲ್ಲ.

ಛಾಯಾಗ್ರಾಹಕನೇ ಇರಿಸಿದ ವಸ್ತುಗಳನ್ನು ಬೇರೆಯಾಗಿ ನೋಡಬೇಕು. ಅಮೆರಿಕದ ಬರಗಾಲವನ್ನು ಚಿತ್ರಿಸುತ್ತಿದ್ದ ಆರ್ಥರ್ ರಾಥ್‌ಸ್ಟೈನ್ 1936ರಲ್ಲಿ ದನದ ತಲೆಬುರುಡೆಯೊಂದನ್ನು ಸರಿಸಿ ಬೇರೆ ಬೇರೆ ಕಡೆ ಚಿತ್ರ ತೆಗೆದದ್ದು ದೊಡ್ಡ ವಿವಾದವಾಯಿತು. ಬುರುಡೆ ಅಲ್ಲಿ ನಿಸ್ಸಂದೇಹವಾಗಿ ಸಂಕೇತವೇ, ಆದರೆ ಅದು ಆ ನೆಲದ ಮಾತಿಗಿಂತ ಛಾಯಾಗ್ರಾಹಕನ ಮಾತು.

ಇಷ್ಟನ್ನೂ ಸೋಸಿದ ಮೇಲೆ ಉಳಿಯುವ ವಿವರಗಳೇ, ಅಂದರೆ ತೇಪೆ ಹಾಕಿದ ಮೊಣಕೈ, ಸವೆದ ಮೆಟ್ಟಿಲು, ಇಬ್ಬರ ನಡುವೆ ಬಿಟ್ಟ ಅಂತರ, ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಆಳು, ನಿಜವಾದ ವ್ಯಾಖ್ಯಾನಕ್ಕೆ ಅರ್ಹವಾದವು. ಕಂಡದ್ದನ್ನು ಒಂದು ಕಡೆ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಸಾಧ್ಯವಾದರೆ ಅದೇ ಕಾಲದ, ಅದೇ ವರ್ಗದ ಜನರ ಬೇರೆ ಚಿತ್ರಗಳೊಡನೆ ಹೋಲಿಸಿ: ಎಲ್ಲದರಲ್ಲೂ ಇರುವುದು ರೂಢಿ, ಒಂದರಲ್ಲಿ ಮಾತ್ರ ಇರುವುದು ವಿಚಾರಿಸಬೇಕಾದದ್ದು. ಕೊನೆಗೆ ಚಿತ್ರದ ಹಿಂಬದಿಯನ್ನು ನೋಡಿ. ಅಲ್ಲಿನ ಬರಹ ಬೇರೆ ಬೇರೆ ಶಾಯಿಯಲ್ಲಿದ್ದರೆ ಒಂದು ಭಾಗವನ್ನು ಎಷ್ಟೋ ವರ್ಷಗಳ ಅನಂತರ ಸೇರಿಸಿರಬಹುದು. ಅದನ್ನು ಚಿತ್ರ ತೆಗೆದವರ ಉದ್ದೇಶವೆಂದು ಎಣಿಸದೆ, ಮುಂದಿನವರ ಅಭಿಪ್ರಾಯವೆಂದು ಪ್ರತ್ಯೇಕವಾಗಿ ಗುರುತು ಮಾಡಿಕೊಳ್ಳಿ.