ರೋಟಿ ಮೇಕರಲ್ಲಿ ಚಪಾತಿ ಮಾಡೋರು ಮೊದಲು ಹಿಟ್ಟು ನೋಡ್ಕೊಳ್ಳಿ

ರೋಟಿ ಮೇಕರ್ (ಎರಡು ಬಿಸಿ ಪ್ಲೇಟಿನ ಮಧ್ಯೆ ಉಂಡೆ ಒತ್ತಿ ಬೇಯಿಸೋ ಕರೆಂಟಿನ ಮೆಷಿನ್) ತಗೊಂಡು ಅಟ್ಟಕ್ಕೆ ಹಾಕಿರೋರು ಹೇಳೋದೆಲ್ಲ ಒಂದೇ, ಚಪಾತಿ ಹಪ್ಪಳ ಆಗುತ್ತೆ ಇಲ್ಲ ಹರಿದು ಹೋಗುತ್ತೆ ಅಂತ. ನಾನು ರಾತ್ರಿ ಊಟಕ್ಕೆ ಅದರಲ್ಲೇ ಮಾಡೋದು. ಲಟ್ಟಿಸೋಕೆ ಅಂತ ಕಲಸೋ ಹಿಟ್ಟು ಇದಕ್ಕೆ ಗಟ್ಟಿ ಆಗುತ್ತೆ, ಅಲ್ಲೇ ಕೆಡೋದು.

ಎರಡು ಲೋಟ ಗೋಧಿಹಿಟ್ಟು, ಉಪ್ಪು, ಒಂದು ಚಮಚ ಎಣ್ಣೆ, ಕೈ ತಡೆಯೋವಷ್ಟು ಬಿಸಿನೀರು, ನೀರು ಮಾಮೂಲಿಗಿಂತ ಸ್ವಲ್ಪ ಜಾಸ್ತಿನೇ ಇರ್ಲಿ. ಕೈಗೆ ಅಂಟುತ್ತೆ, ಅಂಟಲಿ, ಗಾಬರಿಯಾಗಿ ಒಣ ಹಿಟ್ಟು ಸುರೀಬೇಡಿ, ಮುಚ್ಚಿಟ್ಟು ಅರ್ಧ ಗಂಟೆ ಬಿಟ್ರೆ ಹಿಟ್ಟು ನೀರು ಕುಡ್ಕೊಂಡು ತಾನೇ ನುಣ್ಣಗಾಗುತ್ತೆ. ಬೆರಳಲ್ಲಿ ಒತ್ತಿದ್ರೆ ಗುಳಿ ಹಾಗೇ ನಿಲ್ಬೇಕು, ಎದ್ದು ಬಂತಂದ್ರೆ ಇನ್ನೂ ನೆನೀಬೇಕು ಅಂತ ಅರ್ಥ, ಅದನ್ನ ಒತ್ತಿದ್ರೆ ಅಗಲ ಆದಂಗೆ ಆಗಿ ಮತ್ತೆ ಮುದುಡ್ಕೊಳ್ಳುತ್ತೆ.

ಪ್ಲೇಟು ಚೆನ್ನಾಗಿ ಕಾದಿದೆ ಅಂತ ಲೈಟು ತೋರಿಸೋ ತನಕ ಕೈ ಹಾಕ್ಬೇಡಿ. ನಿಂಬೆಹಣ್ಣಿನ ಗಾತ್ರದ ಉಂಡೆನ ಸ್ವಲ್ಪ ಚಪ್ಪಟೆ ಮಾಡಿ, ಒಣ ಹಿಟ್ಟಲ್ಲಿ ಒಂದ್ಸಲ ಅದ್ದಿ, ಮಧ್ಯಕ್ಕಲ್ಲ, ಹಿಂದೆ ಕೀಲಿನ ಕಡೆಗೆ ಒಂಚೂರು ಸರಿಸಿ ಇಡಿ, ಯಾಕಂದ್ರೆ ಮುಚ್ಚಳ ಆ ಕಡೆಯಿಂದ ಮುಚ್ಕೊಂಡು ಬರುತ್ತೆ, ಹಿಟ್ಟು ಹಿಡಿಕೆ ಕಡೆ ಓಡುತ್ತೆ. ಒಂದೇ ಸಲ ಒತ್ತಿ ತಕ್ಷಣ ತೆಗೀರಿ. ಅದುಮಿ ಹಿಡಿದ್ರೆ ಒಳಗಿನ ನೀರು ಆವಿ ಆಗಿ, ಹೋಗೋಕೆ ದಾರಿ ಇಲ್ದೆ, ಪುಸ್ ಅಂತ ಚಪಾತಿನೇ ಸೀಳ್ಕೊಂಡು ಬರುತ್ತೆ. ಮೇಲೆ ಬಣ್ಣ ಬದಲಾದ ಕೂಡ್ಲೆ ತಿರುವಿ ಹಾಕಿ, ಸಣ್ಣ ಸಣ್ಣ ಗುಳ್ಳೆ ಏಳೋಕೆ ಶುರುವಾದಾಗ ಇನ್ನೊಂದ್ಸಲ ತಿರುವಿ, ಮುಚ್ಚಳನ ಸುಮ್ನೆ ಇಳಿಬಿಡಿ, ಒತ್ಬೇಡಿ. ಉಬ್ಬೋವಾಗ ಮುಚ್ಚಳ ತಾನೇ ಒಂಚೂರು ಮೇಲೆದ್ದಂಗೆ ಕಾಣುತ್ತೆ. ತೆಗೆದು ತುಪ್ಪ ಸವರಿ ಬಟ್ಟೆ ಹಾಸಿದ ಡಬ್ಬಿಗೆ.

ಜೋಳದ ರೊಟ್ಟಿ ಆಸೆ ಬಿಟ್ಬಿಡಿ. ಜೋಳದಲ್ಲಿ ಗೋಧಿ ಥರ ಅಂಟಿಲ್ಲ, ಒತ್ತಿದ್ರೆ ಅಂಚೆಲ್ಲ ಬಿರುಕು, ಅದಕ್ಕೆ ಬೇಕಾದ ಜೋರು ಕಾವು ಈ ನಾನ್‌ಸ್ಟಿಕ್ ಪ್ಲೇಟಲ್ಲಿ ಬರೋದೂ ಇಲ್ಲ, ಬಡಿದು ಕಬ್ಬಿಣದ ಹಂಚಲ್ಲಿ ಬೇಯಿಸೋದೇ ಸರಿ. ಅಕ್ಕಿ ರೊಟ್ಟಿ ಮಾತ್ರ ಆಗುತ್ತೆ, ಆದ್ರೆ ಒತ್ತಿ ಅಲ್ಲ. ಸಬ್ಬಸಿಗೆ ಸೊಪ್ಪು ಈರುಳ್ಳಿ ಹಾಕಿ ಕಲಸಿ ಬಾಳೆ ಎಲೆ ಮೇಲೆ ತಟ್ಟಿ, ಎಲೆ ಸಮೇತ ಕೆಳಗಿನ ಪ್ಲೇಟಿಗೆ ಬೋರಲು ಹಾಕಿ, ಎಲೆ ಬಿಟ್ಕೊಂಡ್ಮೇಲೆ ಎಳೆದು ಸುತ್ತ ಎಣ್ಣೆ ಬಿಡೋದು. ಕಾವಲಿ ಮೇಲೇ ತಟ್ಟೋ ಅಭ್ಯಾಸ ಇರೋರಿಗೆ ಇದು ಕಿರಿಕಿರಿ, ಈ ಪ್ಲೇಟು ಬೇಗ ತಣ್ಣಗಾಗಲ್ಲ.

ಕರೆಂಟ್ ಬಿಲ್ ಬಗ್ಗೆ ಎಲ್ರೂ ಕೇಳ್ತಾರೆ. ನಂದು 900 ವ್ಯಾಟಿಂದು, ಅರ್ಧ ಗಂಟೆ ಪೂರ್ತಿ ಉರಿದ್ರೂ ಅರ್ಧ ಯೂನಿಟ್ ಆಗಲ್ಲ, ಮಧ್ಯೆ ಮಧ್ಯೆ ಥರ್ಮೋಸ್ಟಾಟ್ ಆಫ್ ಮಾಡ್ತಾ ಇರುತ್ತೆ ಬೇರೆ. ಗೋಡೆ ಪ್ಲಗ್ಗಿಗೇ ಹಾಕಿ, ಮಿಕ್ಸಿ ಫ್ರಿಜ್ಜು ಎಲ್ಲ ನೇತಾಕಿರೋ ಎಕ್ಸ್‌ಟೆನ್ಷನ್ ಬಾಕ್ಸಿಗೆ ಬೇಡ. ಒರೆಸೋದು ತಣ್ಣಗಾದ್ಮೇಲೆ ಒದ್ದೆ ಬಟ್ಟೇಲಿ, ಸ್ಟೀಲ್ ಮಗುಚೋ ಕೈ ತಾಕಿಸ್ಬೇಡಿ.

ಅಮೆರಿಕಾದಲ್ಲಿರೋ ಮಗ್ಳಿಗೆ ಇಲ್ಲಿಂದ ಕಳಿಸ್ತೀವಿ ಅನ್ನೋರು ಸುಮ್ನೆ ಲಗೇಜು ಹೊರ್ಬೇಡಿ, ಅಲ್ಲಿ 120 ವೋಲ್ಟು, ನಮ್ಮ 230 ವೋಲ್ಟಿನ ಮೆಷಿನ್ ಹಾಕಿದ್ರೆ ಕಾವು ಕಾಲು ಭಾಗಕ್ಕೆ ಇಳಿಯುತ್ತೆ, ಚಪಾತಿ ಬೇಯಲ್ಲ ಒಣಗುತ್ತೆ. ಅಲ್ಲೇ ತಗೊಳ್ಳಲಿ.