ಮದೂರೋ ಸಿಗಾರ್: ಬಣ್ಣ ನಂಬುವುದು ಬಿಟ್ಟ ಮೇಲೆ

ಮದೂರೋ ಅಂದರೆ ಸ್ಪ್ಯಾನಿಷ್‌ನಲ್ಲಿ ‘ಮಾಗಿದ್ದು’. ಕಪ್ಪಗಿನ ಹೊರ ಎಲೆ ಸುತ್ತಿದ ಸಿಗಾರಿಗೆ ಈ ಹೆಸರು. ನಾನು ಮಾತ್ರ ಬಹಳ ದಿನ ಅದನ್ನು ‘ಕಡಕ್’ ಅಂತಲೇ ತಿಳಿದಿದ್ದೆ. ಕಪ್ಪಗಿದ್ದಷ್ಟೂ ಘಾಟು ಜಾಸ್ತಿ ಅಂತ ಲೆಕ್ಕ. ಆದರೆ ನನ್ನ ತಲೆ ನಿಜವಾಗಿ ತಿರುಗಿಸಿದ್ದು ತಿಳಿ ಕಂದು ಬಣ್ಣದ ಒಂದು ಸಿಗಾರ್! ಘಾಟು ಹೆಚ್ಚಾಗಿ ಬರುವುದು ಒಳಗೆ ತುಂಬಿದ ಎಲೆಯಿಂದ, ಅಂದರೆ ಫಿಲ್ಲರ್‌ನಿಂದ, ಅದರಲ್ಲೂ ಗಿಡದ ಮೇಲ್ತುದಿಯ ಲಿಹೇರೋ ಎಲೆಯಿಂದ. ಹೊರಗೆ ಸುತ್ತಿದ ರ‍್ಯಾಪರ್ ಕಪ್ಪಾಗುವುದಕ್ಕೆ ಕಾರಣವೇ ಬೇರೆ. ದಪ್ಪ ಎಲೆಯನ್ನು ರಾಶಿ ಹಾಕಿ, ಜಾಸ್ತಿ ದಿನ, ಜಾಸ್ತಿ ಶಾಖದಲ್ಲಿ ಹುದುಗಿಸುತ್ತಾರೆ. ಆ ಬಣ್ಣ, ಆ ಸಣ್ಣ ಸಿಹಿ ಎರಡೂ ಅಲ್ಲಿಂದ ಬಂದದ್ದು.

ಬಣ್ಣ ಹಾಕಿ ಕಪ್ಪು ಮಾಡುವವರೂ ಇದ್ದಾರೆ. ತುಟಿಗೆ ಕಪ್ಪು ಮೆತ್ತಿಕೊಂಡರೆ ನನಗೆ ಅನುಮಾನ ಶುರು.

ಈಗ ನಾನು ಮೊದಲು ನಂಬುವುದು ಬೆರಳನ್ನು. ಎರಡು ಬೆರಳ ನಡುವೆ ಸಿಗಾರ್ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಮೆಲ್ಲಗೆ ಒತ್ತುತ್ತಾ ಹೋಗುತ್ತೇನೆ. ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಎದ್ದು ಬರಬೇಕು. ಎಲೆಯ ನರ ಎದ್ದು ಕಂಡರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಮೆರಿಕದ ಕನೆಕ್ಟಿಕಟ್ ಬ್ರಾಡ್‌ಲೀಫ್ ಆಗಲಿ, ಮೆಕ್ಸಿಕೋದ ಸಾನ್ ಆಂದ್ರೆಸ್ ಎಲೆಯಾಗಲಿ, ಒರಟೇ. ನೋಡಬೇಕಾದ್ದು ಸುತ್ತಿದ ಅಂಚು ಬಿಗಿಯಾಗಿ ಕೂತಿದೆಯಾ, ಬಾಯಿಗಿಡುವ ತುದಿಯ ಮುಚ್ಚಳ ನುಣ್ಣಗಿದೆಯಾ ಅಂತ.

ಈಚೆಗೆ ಒಂದೇ ಬ್ರ್ಯಾಂಡಿನ ರೋಬುಸ್ತೋ ಅಳತೆಯ ಮೂರು ಮದೂರೋ ತಂದೆ. 5 ಇಂಚು ಉದ್ದ, 50 ರಿಂಗ್. ಒಂದು ರಿಂಗ್ ಅಂದರೆ ಇಂಚಿನ 64ರಲ್ಲಿ ಒಂದು ಭಾಗ, ಹಾಗಾಗಿ ಸುಮಾರು 2 ಸೆಂಟಿಮೀಟರ್ ದಪ್ಪ. ಮೊದಲನೆಯದರ ನಡುವೆ, ಹೆಸರು ಬರೆದ ಕಾಗದದ ಬ್ಯಾಂಡಿನಿಂದ ಎರಡು ಬೆರಳು ಕೆಳಗೆ, ಒಂದು ಕಡೆ ಮೆತ್ತಗೆ ಸಿಕ್ಕಿತು. ಇರಲಿ ಬಿಡು ಅಂತ ಹಚ್ಚಿದೆ. ಮೊದಲ ಅರ್ಧ ಚೆನ್ನಾಗಿಯೇ ಹೋಯಿತು: ಕೋಕೋ, ಹುರಿದ ಕಾಫಿ, ಮೂಗಿನಿಂದ ಸ್ವಲ್ಪ ಹೊಗೆ ಬಿಟ್ಟಾಗ ಕಾಳುಮೆಣಸು. ಬೂದಿ ಒಂದು ಇಂಚು ಉದುರದೆ ನಿಂತಿತ್ತು. ಕೆಂಡ ಆ ಮೆತ್ತನೆ ಜಾಗಕ್ಕೆ ಬಂತು ನೋಡಿ, ಆ ಬದಿ ಮಾತ್ರ ಓಡತೊಡಗಿತು. ಇನ್ನೊಂದು ಬದಿ ದೋಣಿಯ ಅಂಚಿನ ಹಾಗೆ ಹಾಗೇ ಉಳಿಯಿತು. ಅಲ್ಲಿ ಫಿಲ್ಲರ್ ಕಡಿಮೆ ಬಿದ್ದಿತ್ತು, ಗಾಳಿ ಜಾಸ್ತಿ ಆಡಿತು. ಹೊಗೆ ಬಿಸಿಯಾಯಿತು, ಕೋಕೋ ಹೋಗಿ ಕರಕಲು ಕಹಿ ಬಂತು. ಲೈಟರ್‌ನಿಂದ ಸರಿ ಮಾಡಿದರೂ ರುಚಿ ವಾಪಸ್ ಬರಲಿಲ್ಲ.

ಎಲ್ಲ ತಪ್ಪೂ ಸುತ್ತಿದವರದ್ದೇ ಅಲ್ಲ. ಮದೂರೋ ಎಲೆ ದಪ್ಪ, ಎಣ್ಣೆ ಜಾಸ್ತಿ, ತೇವ ಹೆಚ್ಚಾದರೆ ಪದೇಪದೇ ಆರುತ್ತದೆ. ನಾನು 65 ಶೇಕಡಾ ತೇವದಲ್ಲಿ ಇಡುತ್ತೇನೆ. ಅವಸರದಲ್ಲಿ ಎಳೆದರೆ ಎಂಥ ಸಿಗಾರೂ ಕಹಿಯೇ, ನಿಮಿಷಕ್ಕೊಂದು ಸಲ ಸಾಕು. ಹೊಗೆಯನ್ನು ಎದೆಗೆ ಇಳಿಸುವುದಿಲ್ಲ. ಹಾಗಂತ ಅಪಾಯ ಇಲ್ಲ ಅಂತಲ್ಲ, ಅದಕ್ಕೇ ಸೇದುವುದು ಅಪರೂಪ, ಆರಿಸುವುದು ಇಷ್ಟು ಸೋಸಿ.

ಕೊಟ್ಟ ದುಡ್ಡಿಗೆ ಬಾಳುತ್ತದಾ ಅನ್ನುವುದನ್ನು ನಾನು ಕೊನೆಯ ಮೂರನೇ ಒಂದು ಭಾಗದಲ್ಲಿ ತೀರ್ಮಾನ ಮಾಡುತ್ತೇನೆ. ಶುರುವಿನಲ್ಲಿ ಎಲ್ಲವೂ ಚೆನ್ನ, ಅಲ್ವಾ? ಬೆರಳು ಬಿಸಿಯಾಗುವವರೆಗೆ ಬಿಡಲು ಮನಸ್ಸು ಬಾರದಿದ್ದರೆ ಅದು ಕೊಳ್ಳಬೇಕಾದ ಸಿಗಾರ್. ಅರ್ಧಕ್ಕೇ ಪಕ್ಕಕ್ಕಿಟ್ಟರೆ, ಕೊಟ್ಟ ಬೆಲೆ ದುಪ್ಪಟ್ಟಾದಂತೆಯೇ. ಒಂದನ್ನೇ ಸೇದಿ ತೀರ್ಪು ಕೊಡುವುದನ್ನೂ ಬಿಟ್ಟಿದ್ದೇನೆ. ಕೈಯಲ್ಲಿ ಸುತ್ತಿದ್ದು, ಒಂದಿದ್ದ ಹಾಗೆ ಒಂದಿರುವುದಿಲ್ಲ.

ಆ ಮೂರರಲ್ಲಿ ಎರಡನೆಯದನ್ನು ತಿಂಗಳು ಬಿಟ್ಟು ಹಚ್ಚಿದೆ. ಕೊನೆವರೆಗೂ ನೇರ ಉರಿಯಿತು, ಕೊನೆಯಲ್ಲಿ ಒಣಖರ್ಜೂರದಂಥ ಸಿಹಿ. ಮೂರನೆಯದನ್ನು ಮೊನ್ನೆ ತೆಗೆದು ಒತ್ತಿ ನೋಡಿದೆ. ಬ್ಯಾಂಡಿನ ಕೆಳಗೆ, ಹೆಚ್ಚುಕಮ್ಮಿ ಅದೇ ಜಾಗದಲ್ಲಿ, ಮತ್ತೆ ಮೆತ್ತಗೆ. ಸುಮ್ನೆ ಪೆಟ್ಟಿಗೆಗೆ ವಾಪಸ್ ಇಟ್ಟೆ.