ಹೊಸ ಡೀಸೆಲ್ ಗಾಡಿಯ ಸದ್ದು, ಎಳೆತ: ಆರು ಸಾವಿರ ರೂಪಾಯಿಯಲ್ಲಿ ಹದಕ್ಕೆ ತಂದದ್ದು (ನನ್ನ ಅನುಭವ)

"ಡೀಸೆಲ್ ಅಂದ್ರ ಹಂಗ ಇರ್ತದ, ಅದಕ್ಯಾಕ ರೊಕ್ಕ ಹಾಕ್ತೀ" ಅಂತ ಪುಣೆಯಲ್ಲಿರೋ ನಮ್ಮ ಹುಬ್ಬಳ್ಳಿ–ಧಾರವಾಡದ ಬಳಗ ಒಂದೇ ರಾಗ ಹಾಡಿತ್ತು. ಚಿಂಚವಡದ ಒಂದು ಆಕ್ಸೆಸರಿ ಅಂಗಡಿಯವರದು ಇನ್ನೊಂದು ರಾಗ: ಪೂರ್ತಿ ಗಾಡಿಗೆ ಡ್ಯಾಂಪಿಂಗ್ (ತಗಡಿಗೆ ಸದ್ದು ತಗ್ಗಿಸುವ ಶೀಟ್ ಅಂಟಿಸುವುದು) ಮಾಡಿಸಿ, ಮೂವತ್ತೈದರಿಂದ ನಲವತ್ತು ಸಾವಿರ. ಎರಡೂ ತಪ್ಪು. ಈಗ ಅದೇ ಬಳಗದವರು ಸಿಗ್ನಲ್‌ನಲ್ಲಿ ಪಕ್ಕದ ಸೀಟಲ್ಲಿ ಕೂತು "ಎಂಜಿನ್ ಆಫ್ ಆತೇನು?" ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಅರ್ಧ ಸದ್ದು ಗೇರ್ ಹಾಕುವ ರೀತಿಯಲ್ಲೇ ಹೋಗುತ್ತದೆ, ಅದಕ್ಕೆ ಪೈಸೆ ಖರ್ಚಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಸಂದುಗಳನ್ನು ಮುಚ್ಚಿದರೆ ಹೋಗುತ್ತದೆ. ಶೀಟ್ ಅಂಟಿಸುವುದು ಕೊನೆಯ ಕೆಲಸ.

ನನ್ನದು 1.5 ಲೀಟರ್ ಡೀಸೆಲ್ ಕಾರು, ನಾಲ್ಕು ಸಿಲಿಂಡರ್, ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನ್), ಆರು ಗೇರಿನ ಮ್ಯಾನುವಲ್, ಬಿಎಸ್6 ಹೊಗೆ ನಿಯಮದ್ದು. ಇಂಥ ಯಾವ ಗಾಡಿಗಾದರೂ ಇಲ್ಲಿನ ಲೆಕ್ಕ ಹತ್ತಿರ ಹತ್ತಿರ ಹೊಂದುತ್ತದೆ.

ಮೊದಲು ಗುಂಯ್‌ಗುಡುವ ಸದ್ದು. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ. 1,200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತು) ಅದು 40 ಹರ್ಟ್ಜ್, 1,500ರಲ್ಲಿ 50, 3,000ದಲ್ಲಿ 100. ಇಷ್ಟು ಕೆಳಗಿನ ಸದ್ದನ್ನು ಯಾವ ಶೀಟೂ ತಡೆಯುವುದಿಲ್ಲ, ಅದು ಎಂಜಿನ್ ಮೌಂಟ್ ಮೂಲಕ ಬಾಡಿಗೇ ಇಳಿದಿರುತ್ತದೆ. ಪೆಟ್ರೋಲ್ ಗಾಡಿಯಿಂದ ಬಂದವರು, ಅದರಲ್ಲೂ ಮೈಲೇಜ್ ಆಸೆಯವರು, ಪುಣೆಯ ಹಿಂಜವಡಿ ಟ್ರಾಫಿಕ್‌ನಲ್ಲಿ 35–40 ಕಿ.ಮೀ. ವೇಗಕ್ಕೇ ನಾಲ್ಕನೇ ಗೇರ್ ಹಾಕಿ 1,200ರಲ್ಲಿ ಎಳೆಸುತ್ತಾರೆ. ಆಗ ಡ್ಯಾಶ್‌ಬೋರ್ಡ್, ಡೋರ್ ಪ್ಯಾಡ್, ಸೀಟು ಎಲ್ಲಾ ನಡುಗುತ್ತವೆ. ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ನಡುಕ ಹೀರುವ ಜೋಡಿ ಚಕ್ರ) ಇದ್ದರೆ ಅದಕ್ಕೂ ಪೆಟ್ಟು. ಅದರ ಬಿಲ್ ನೋಡಿದವರು ಮತ್ತೆ ಹಾಗೆ ಎಳೆಸುವುದಿಲ್ಲ.

ಇದಕ್ಕೆ ನಾನು ಇಟ್ಟುಕೊಂಡ ಅಳತೆ ಒಳಗನ್ನಡಿ. ಹಿಂದಿನ ಗಾಡಿಯ ನಂಬರ್ ಪ್ಲೇಟ್ ಕನ್ನಡಿಯಲ್ಲಿ ಸ್ಪಷ್ಟ ಕಂಡರೆ ಗೇರ್ ಸರಿ. ಅಂಕಿಗಳು ಎರಡೆರಡಾಗಿ ನಡುಗಿದರೆ ಒಂದು ಗೇರ್ ಇಳಿಸಿ. ಆರ್‌ಪಿಎಂ ತೋರಿಸುವ ಟ್ಯಾಕೊಮೀಟರ್ ನೋಡುವ ಗೋಜಿಲ್ಲ.

ಎಳೆತದ ವಿಷಯವೂ ಇಲ್ಲೇ ಬರುತ್ತದೆ, ಏಕೆಂದರೆ ಎರಡರ ಬೇರು ಒಂದೇ. ಟರ್ಬೊ 1,500ರ ಕೆಳಗೆ ಮಲಗಿರುತ್ತದೆ, 1,700–1,800ಕ್ಕೆ ಏಳುತ್ತದೆ. ಹಂಪ್ ದಾಟಿ ಎರಡನೇ ಗೇರಲ್ಲಿ 1,100ರಿಂದ ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಗರುತ್ತದೆ, ಎದುರಿನ ರಿಕ್ಷಾದ ಬಂಪರ್‌ವರೆಗೆ. ಹೊಸಬರು ಇದನ್ನೇ "ಪಿಕಪ್ ಇಲ್ಲ" ಅಂತಲೂ "ಕಂಟ್ರೋಲ್ ಸಿಗಲ್ಲ" ಅಂತಲೂ ಬೈಯುತ್ತಾರೆ. ಹಂಪ್ ಮೇಲೆ ಗಾಡಿ ನಡೆದಾಡುವಷ್ಟು ನಿಧಾನ ಆದರೆ ನಾಚಿಕೆ ಇಲ್ಲದೆ ಒಂದನೇ ಗೇರ್ ಹಾಕಿ. ಎರಡನೆಯದನ್ನು 2,500ರವರೆಗೆ ಹಿಡಿದು ಮೂರನೆಯದಕ್ಕೆ ಹೋದರೆ ಸೂಜಿ 1,600ರ ಸುತ್ತ ಇಳಿಯುತ್ತದೆ, ಟರ್ಬೊ ಎಚ್ಚರವಾಗೇ ಇರುತ್ತದೆ. ಮೇಲ್ಗಡೆ 3,500 ದಾಟಿಸಿ ಏನೂ ದಕ್ಕುವುದಿಲ್ಲ, ಬರೀ ಸದ್ದು. ಖಂಬಾಟ್ಕಿ ಘಾಟ್ ಆಗಲಿ ಭೋರ್ ಘಾಟ್ ಆಗಲಿ, ನಾಲ್ಕು ಜನ, ಏಸಿ, ಡಿಕ್ಕಿ ತುಂಬ ಸಾಮಾನು ಇದ್ದರೂ ಮೂರು–ನಾಲ್ಕರಲ್ಲಿ 2,000–2,500 ಹಿಡಿದರೆ ಸಲೀಸಾಗಿ ಹತ್ತುತ್ತದೆ. ಘಾಟ್ ಹತ್ತಿ ಬಂದು ಫುಡ್ ಮಾಲ್‌ನಲ್ಲಿ ನಿಂತ ತಕ್ಷಣ ಕೀ ತಿರುಗಿಸಬೇಡಿ, ಒಂದು ನಿಮಿಷ ಐಡಲ್ (ನಿಂತಲ್ಲೇ ಎಂಜಿನ್ ಓಡುವುದು) ಬಿಡಿ. ಬಿಸಿಯಾದ ಟರ್ಬೊ ಬೇರಿಂಗ್‌ಗೆ ಎಣ್ಣೆ ಹರಿಯುತ್ತಿರಲಿ.

ಮೈಲೇಜ್ ಬಿದ್ದೀತು ಅನ್ನುವವರಿಗೆ: ಬೀಳಲಿಲ್ಲ. ಊರೊಳಗೆ 15ರ ಆಸುಪಾಸು, ಬೆಳಗಾವಿ ಹೆದ್ದಾರಿಯಲ್ಲಿ 20–21. ಎಳೆಸಿ ಓಡಿಸುವಾಗಲೂ ಇಷ್ಟೇ ಇತ್ತು.

ಮುಂದಿನದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಹೊಸ ಡೀಸೆಲ್‌ನವರು ಕೆಟ್ಟಿದೆ ಅಂತ ಸರ್ವಿಸ್‌ಗೆ ಓಡುವ ಸದ್ದುಗಳಲ್ಲಿ ಅರ್ಧ ಇದರವೇ. ಫಿಲ್ಟರ್‌ನಲ್ಲಿ ಮಸಿ ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಸುಟ್ಟು ಹೊಗೆಯನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸಿ ಮಸಿ ಉರಿಸುತ್ತದೆ. ಅದರ ಗುರುತುಗಳು: ಐಡಲ್ 800ರಿಂದ ಸಾವಿರದ ಹತ್ತಿರ ಏರುತ್ತದೆ, ಸದ್ದು ಒರಟಾಗುತ್ತದೆ, ತತ್‌ಕ್ಷಣದ ಮೈಲೇಜ್ ಅರ್ಧಕ್ಕೆ ಕುಸಿಯುತ್ತದೆ, ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್–ಸ್ಟಾಪ್ ಕೆಲಸ ಮಾಡುವುದಿಲ್ಲ, ಕಬ್ಬಿಣ ಕಾದ ವಾಸನೆ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ಮೇಲೂ ಫ್ಯಾನ್ ಹೋ ಅಂತ ಕೂಗುತ್ತಿದ್ದರೆ ಅದು ಸುಡುವಿಕೆಯ ನಡುವೆ ಆಫ್ ಆಗಿದೆ ಅಂತ ಅರ್ಥ. ಒಂದೆರಡು ಸಲ ಹೀಗಾದರೆ ಪರವಾಗಿಲ್ಲ, ಮುಂದಿನ ಓಟದಲ್ಲಿ ಮುಗಿಸಿಕೊಳ್ಳುತ್ತದೆ. ಪದೇ ಪದೇ ಆದರೆ ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾಗದೆ ಹೆಚ್ಚಾಗಿದೆ ಅಂತ ಖುಷಿಪಡಬೇಡಿ, ತೆಳುವಾಗಿದೆ ಅಂತ ಅರ್ಥ.

ವಾಕಡ–ಹಿಂಜವಡಿ ನಡುವೆ ತೆವಳುವ ಗಾಡಿಗೆ ವಾರಕ್ಕೊಂದು ಒಳ್ಳೆ ಓಟ ಬೇಕೇ ಬೇಕು. ಕಿವಳೆಯಿಂದ ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ಹತ್ತಿ, ಅರ್ಧ ಗಂಟೆ, 80ರಲ್ಲಿ ಆರನೇ ಗೇರ್ ಬಿಟ್ಟು ಐದರಲ್ಲಿ. ಸುಮಾರು 2,000 ಆರ್‌ಪಿಎಂ ಸಿಗುತ್ತದೆ. ಆರರಲ್ಲಿ 1,600 ಸಿಕ್ಕರೆ ಹೆಚ್ಚು, ಅಷ್ಟಕ್ಕೆ ಹೊಗೆ ಸರಿಯಾಗಿ ಕಾಯುವುದಿಲ್ಲ. ಎಕ್ಸ್‌ಪ್ರೆಸ್‌ವೇ ಬೇಡ ಅಂದರೆ ಹಳೇ ಹೆದ್ದಾರಿ ಬೆಳಗಿನ ಆರಕ್ಕೆ ಸಾಕು. ಇನ್ನು ಆಯಿಲ್: ಮ್ಯಾನುವಲ್‌ನಲ್ಲಿ ಬರೆದ ಕಡಿಮೆ ಬೂದಿಯ ದರ್ಜೆಯದೇ ಹಾಕಿಸಿ. ಅಗ್ಗದ್ದು ಹಾಕಿದರೆ ಅದರ ಬೂದಿ ಡಿಪಿಎಫ್‌ನಲ್ಲೇ ಕೂರುತ್ತದೆ, ಮಸಿಯ ಹಾಗೆ ಅದನ್ನು ಸುಟ್ಟು ತೆಗೆಯಲಾಗುವುದಿಲ್ಲ.

ಇನ್ನು ಕಟಕಟ ಸದ್ದು, ಎಲ್ಲರೂ ಟ್ರ್ಯಾಕ್ಟರ್ ಅನ್ನುವುದು. ಬೆಳಗ್ಗೆ ತಣ್ಣಗಿದ್ದಾಗ ಜೋರು, ಏಕೆಂದರೆ ತಣ್ಣನೆ ಸಿಲಿಂಡರ್‌ನಲ್ಲಿ ಡೀಸೆಲ್ ಹೊತ್ತಿಕೊಳ್ಳಲು ತುಸು ತಡ, ಆಮೇಲೆ ಒಮ್ಮೆಲೇ ಹೊತ್ತುತ್ತದೆ. ನಿಂತಲ್ಲೇ ಐದು ನಿಮಿಷ ಕಾಯಿಸುವುದು ದಂಡ, ಡೀಸೆಲ್ ಎಂಜಿನ್ ನಿಂತಲ್ಲಿ ಬಿಸಿಯಾಗುವುದೇ ಕಷ್ಟ. ಅರ್ಧ ನಿಮಿಷ ಬಿಟ್ಟು 2,000 ಮೀರದೆ ಹೊರಡಿ, ಮೂರು–ನಾಲ್ಕು ಕಿಲೋಮೀಟರ್‌ನಲ್ಲಿ ಸದ್ದು ತಾನೇ ಇಳಿಯುತ್ತದೆ. ಇಲ್ಲೊಂದು ಪಕ್ಕದ ಪ್ರಯೋಗ: ಪ್ರೀಮಿಯಂ ಡೀಸೆಲ್. ಬಿಎಸ್6 ಸಾದಾ ಡೀಸೆಲ್‌ಗೇ ಸೀಟೇನ್ (ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಅಂಕಿ) ಕನಿಷ್ಠ 51 ಇರಬೇಕು. ಪ್ರೀಮಿಯಂ ನಾಲ್ಕೈದು ಟ್ಯಾಂಕ್ ಹಾಕಿ ನೋಡಿದೆ. ತಣ್ಣನೆ ಸ್ಟಾರ್ಟ್‌ನಲ್ಲಿ ಕಟಕಟ ಒಂಚೂರು ಮೆತ್ತಗಾಯಿತು, ಬಿಸಿಯಾದ ಮೇಲೆ ವ್ಯತ್ಯಾಸ ಸೊನ್ನೆ. ಆ ದುಡ್ಡಿಗೆ ಸಂದು ಮುಚ್ಚುವ ರಬ್ಬರ್ ಬೀಡಿಂಗ್ ತನ್ನಿ.

ಈ ಕಟಕಟ ಒಳಗೆ ಬರುವುದು ತಗಡನ್ನು ಭೇದಿಸಿ ಕಡಿಮೆ, ಸಂದುಗಳಿಂದ ಹೆಚ್ಚು. ಮೂರು ಕಡೆ ನೋಡಿ.

ಒಂದು, ಬಾನೆಟ್‌ನ ಹಿಂಬದಿ ಅಂಚು. ನನ್ನ ಗಾಡಿಯಲ್ಲಿ ಕಂಪನಿಯ ರಬ್ಬರ್ ನಡುವೆ ಮಾತ್ರ ಇತ್ತು, ಎರಡೂ ಮೂಲೆ ಖಾಲಿ. ರಬ್ಬರ್‌ಗೆ ಸೀಮೆಸುಣ್ಣ ಉಜ್ಜಿ ಬಾನೆಟ್ ಮುಚ್ಚಿ ತೆಗೆಯಿರಿ. ಬಾನೆಟ್ ಒಳಮೈಗೆ ಬಿಳಿ ಗೆರೆ ಎಲ್ಲಿ ಮೂಡಿಲ್ಲವೋ ಅಲ್ಲಿ ಸದ್ದು ಗಾಜಿನ ಬುಡಕ್ಕೆ, ಅಲ್ಲಿಂದ ಏಸಿ ಗಾಳಿಯ ಬಾಯಿಗೆ ನೇರ ಹೋಗುತ್ತಿದೆ. ಡಿ ಆಕಾರದ ಇಪಿಡಿಎಂ ರಬ್ಬರ್ ಬೀಡಿಂಗ್, ಎರಡು ಮೀಟರ್ ಸಾಕು. ಗಾಜಿನ ಬುಡದ ಗಾಳಿ ಜಾಲರಿಯನ್ನೂ ವೈಪರ್ ತೋಳನ್ನೂ ಬಿಟ್ಟು ಅಂಟಿಸಿ. ಆರು ಸಾವಿರದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ನಾನೂರು ರೂಪಾಯಿ.

ಎರಡು, ಫೈರ್‌ವಾಲ್, ಅಂದರೆ ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ. ರಾತ್ರಿ ಎಂಜಿನ್ ಕಡೆಯಿಂದ ಒಬ್ಬರು ಜೋರು ಟಾರ್ಚ್ ಬಿಡಲಿ, ಇನ್ನೊಬ್ಬರು ಗ್ಲೋವ್ ಬಾಕ್ಸ್ ಕೆಳಗೆ ಕಾರ್ಪೆಟ್ ಎತ್ತಿ ನೋಡಲಿ. ವೈರಿಂಗ್ ಹೋಗುವ ರಬ್ಬರ್ ಗ್ರಾಮೆಟ್‌ನ ಸುತ್ತ ಬೆಳಕಿನ ಕಿಂಡಿ ಕಂಡರೆ ಅಲ್ಲಿ ಬ್ಯೂಟೈಲ್ (ಅಂಟು ರಬ್ಬರ್) ಪುಟ್ಟಿ ಒತ್ತಿ. ಏಸಿ ನೀರು ಹೋಗುವ ಪೈಪ್ ಮುಚ್ಚಬೇಡಿ, ಪೆಡಲ್‌ಗಳ ಹತ್ತಿರ ಏನೂ ತುರುಕಬೇಡಿ.

ಮೂರನೆಯದು ಪುಕ್ಕಟೆ: ಏಸಿಯನ್ನು ಒಳಗಿನ ಗಾಳಿಗೆ ಇಡಿ. ಹೊರಗಾಳಿಯ ಕಿಟಕಿ ತೆರೆದಿದ್ದರೆ ಸದ್ದಿಗೂ ಅದೇ ಬಾಗಿಲು. ಉದ್ದ ಪ್ರಯಾಣದಲ್ಲಿ ಆಗಾಗ ಹೊರಗಾಳಿ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ತೂಕಡಿಕೆ.

ಬಾನೆಟ್ ಒಳಗೆ ಇನ್ನೊಂದು ಜಾಗ ಇದೆ, ಅಲ್ಲಿ ಏನು ಹಾಕಿದ್ದೇನೆ ಅಂತ ಬರೆಯುವುದಿಲ್ಲ. ಟರ್ಬೊ ಬಿಸಿಗೆ ಹತ್ತಿರದ ಜಾಗ. ಓದಿದವರೆಲ್ಲ ಕೈಗೆ ಸಿಕ್ಕ ಸ್ಪಂಜ್ ಹಾಕಿ ಬೆಂಕಿ ಹಚ್ಚಿಕೊಂಡರೆ ಆ ಪಾಪ ನನಗೆ ಬೇಡ. ಎದುರಿಗೆ ಬಂದರೆ ತೋರಿಸುತ್ತೇನೆ.

ಈಗ ಶೀಟ್. ಮೊದಲು ಬಾಗಿಲುಗಳಿಗೆ ಅಗ್ಗದ ಡಾಂಬರ್ ಶೀಟ್ ಹಾಕಿದ್ದೆ. ಏಪ್ರಿಲ್‌ನಲ್ಲಿ ತೆರೆದ ಪಾರ್ಕಿಂಗ್‌ನಲ್ಲಿ ನಿಂತ ಗಾಡಿಯೊಳಗೆ ಹೊಸದಾಗಿ ರಸ್ತೆ ಹಾಕಿದ ವಾಸನೆ, ಶೀಟ್ ಜಾರಿ ಕೆಳಗೆ ಕೂತಿತ್ತು. ಬಾಗಿಲಿಗೆ ತೂತಿನ ಸ್ಪಂಜ್ ಕೂಡ ಪರೀಕ್ಷೆಯಾಯಿತು, ಮಳೆಗಾಲಕ್ಕೆ ನೀರು ಕುಡಿದು ಬೂಸಲು ಹಿಡಿಯಿತು. ಎರಡೂ ಸೇರಿ ಎರಡೂವರೆ ಸಾವಿರ ನೀರಿಗೆ ಹೋಯಿತು, ಅದು ಈ ಆರು ಸಾವಿರದ ಲೆಕ್ಕದಲ್ಲಿಲ್ಲ. ಅಲ್ಯುಮಿನಿಯಂ ಹಾಳೆಯ 2 ಮಿ.ಮೀ. ಬ್ಯೂಟೈಲ್ ಶೀಟ್, ನೀರು ಹೀರದ ಮುಚ್ಚಿದ ರಂಧ್ರದ ಫೋಮ್, ಇವೆರಡೇ ಕೆಲಸಕ್ಕೆ ಬರುವುದು.

ಅಂಗಡಿಯವರು ಇಡೀ ತಗಡು ಮುಚ್ಚುತ್ತಾರೆ, ಏಕೆಂದರೆ ಬಿಲ್ ಚದರಡಿ ಲೆಕ್ಕ. ತಗಡಿನ ಗುಂಯ್ ನಿಲ್ಲಿಸಲು ಅದರ ನಡುಭಾಗದ ಮೂರನೇ ಒಂದು ಪಾಲು ಮುಚ್ಚಿದರೆ ಸಾಕು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಡಬ್ಬದ ಸದ್ದು ಬಂದಲ್ಲಿ ಅಂಟಿಸಿ, ದಪ್ ಅನ್ನುವಲ್ಲಿ ಬಿಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅಂಟಿಸಿ, ರೋಲರ್‌ನಿಂದ ಹಾಳೆಯ ಮೇಲಿನ ಉಬ್ಬು ಚೌಕಗಳು ಮಾಸುವವರೆಗೆ ಒತ್ತಿ. ಚೌಕ ಉಳಿದ ಕಡೆ ಕೆಳಗೆ ಗಾಳಿ ಇದೆ. ಚಳಿಗಾಲವಾದರೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ.

ಹೆಚ್ಚು ಲಾಭ ಹಿಂದಿನ ಚಕ್ರದ ಮೇಲಿನ ತಗಡಿನ ಗುಂಬದಲ್ಲಿ. ಡಿಕ್ಕಿಯ ಬದಿಯ ಪ್ಲಾಸ್ಟಿಕ್ ತೆಗೆದರೆ ಬರಿ ತಗಡು, ಜೊತೆಗೆ ಸ್ಟೆಪ್ನಿ ಗುಂಡಿ. ಅಲ್ಲಿ ಶೀಟ್, ಮೇಲೆ ಫೋಮ್. ಎಕ್ಸ್‌ಪ್ರೆಸ್‌ವೇ ಕಾಂಕ್ರೀಟ್, ಅಲ್ಲಿ ಟೈರ್ ಸದ್ದು ಎಂಜಿನ್ ಸದ್ದನ್ನು ನುಂಗಿಬಿಡುತ್ತದೆ. ಬಂಪರ್ ಹಿಂದೆ ಗಾಳಿ ಹೊರಹೋಗುವ ರೆಕ್ಕೆಗಳಿರುತ್ತವೆ, ಅವನ್ನು ಮುಚ್ಚಿದರೆ ಬಾಗಿಲು ಹಾಕುವಾಗ ಕಿವಿ ಕಟ್ಟಿದಂತಾಗುತ್ತದೆ. ಬಾಗಿಲಲ್ಲಿ ಕೆಳಗಿನ ನೀರಿನ ತೂತು ಬಿಡಿ. ಒಳಪದರದ ದೊಡ್ಡ ರಂಧ್ರಗಳನ್ನು ಶೀಟ್‌ನಿಂದ ಬಿಗಿಯಬೇಡಿ, ಹಲವು ಗಾಡಿಗಳಲ್ಲಿ ಸೈಡ್ ಏರ್‌ಬ್ಯಾಗಿನ ಒತ್ತಡ ಸೆನ್ಸರ್ ಅಲ್ಲೇ ಇರುತ್ತದೆ. ಕಂಪನಿಯ ಪ್ಲಾಸ್ಟಿಕ್ ಪರದೆ ಹಾಗೇ ವಾಪಸ್ ಅಂಟಿಸಿ. ಕನೆಕ್ಟರ್ ಕೀಳುವ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲ ನಿಮಿಷ ಕಾಯಿರಿ. ಮೇಲ್ಛಾವಣಿ ನಾನು ಮುಟ್ಟಿಲ್ಲ, ಮಳೆ ಸದ್ದಿಗಾಗಿ ಇಡೀ ಹೆಡ್‌ಲೈನರ್ (ಛಾವಣಿಯ ಒಳಹೊದಿಕೆ) ಇಳಿಸುವುದು ಅತಿಯಾಯಿತು.

ಖರ್ಚು, ನೆನಪಿದ್ದಂತೆ: ಬ್ಯೂಟೈಲ್ ಶೀಟ್ ಮೂರೂವರೆ ಸಾವಿರ, ಫೋಮ್ ಸಾವಿರದ ಇನ್ನೂರು, ಬೀಡಿಂಗ್ ನಾನೂರು, ಪುಟ್ಟಿ ಇನ್ನೂರು, ಆಲ್ಕೋಹಾಲ್ ಇನ್ನೂರು, ಟ್ರಿಮ್ ಕೀಳುವ ಪ್ಲಾಸ್ಟಿಕ್ ಪಟ್ಟಿಗಳು ಇನ್ನೂರೈವತ್ತು, ರೋಲರ್ ನೂರೈವತ್ತು. ಕ್ಲಿಪ್‌ಗಳನ್ನು ಮೊದಲೇ ಪುಣೆಯ ಬಿಡಿಭಾಗಗಳ ಪೇಟೆ ನಾನಾ ಪೇಠದಲ್ಲಿ ಹದಿನೈದಿಪ್ಪತ್ತು ತಂದಿಟ್ಟುಕೊಳ್ಳಿ, ಕೀಳುವಾಗ ಒಂದಿಷ್ಟು ಮುರಿದೇ ಮುರಿಯುತ್ತವೆ. ಅವಕ್ಕೆ ಇನ್ನೂ ನೂರೈವತ್ತು–ಇನ್ನೂರು.

ಫೋನ್ ಆಪ್‌ನ ಡೆಸಿಬೆಲ್ ಅಂಕಿ ನಂಬುವಂಥದ್ದಲ್ಲ, ಆದರೆ ಅದೇ ಫೋನ್, ಅದೇ ಜಾಗ, ಅದೇ ರಸ್ತೆ, ಏಸಿ ಆಫ್ ಆದರೆ ಹೋಲಿಕೆಗೆ ಸಾಕು. ಐಡಲ್‌ನಲ್ಲಿ 48ರಿಂದ 44, ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗಕ್ಕೆ 70ರಿಂದ 67. ಮೂರೇ ಅಂತ ಮೂಗು ಮುರಿಯಬೇಡಿ, ಡೆಸಿಬೆಲ್‌ನಲ್ಲಿ ಮೂರು ಇಳಿದರೆ ಸದ್ದಿನ ಶಕ್ತಿ ಅರ್ಧ. ಹಿಂದಿನ ಸೀಟಿನವರ ಜೊತೆ ದನಿ ಏರಿಸದೆ ಮಾತಾಡಬಹುದು.

ವಾರಂಟಿ ಹೋಗುತ್ತದೆ ಅಂತ ಸರ್ವಿಸ್ ಸೆಂಟರ್‌ನಲ್ಲಿ ಹೆದರಿಸಿದರು. ಯಾವ ವೈರನ್ನೂ ಕತ್ತರಿಸಿಲ್ಲ, ಇಷ್ಟು ದಿನ ಯಾವ ತಕರಾರೂ ಬಂದಿಲ್ಲ. ತಕರಾರು ಬಂದದ್ದು ನನ್ನ ಕಡೆಯಿಂದ: ಮೊದಲ ಸರ್ವಿಸ್ ಮುಗಿಸಿ ಬಂದಾಗ 2,000ದಲ್ಲಿ ಹೊಸ ಗಿರಗಿರ ಶುರುವಾಗಿತ್ತು. ಆಯಿಲ್ ಬದಲಿಸಿದವರು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಗೆ ಎರಡು ಬೋಲ್ಟ್ ಹಾಕಿರಲೇ ಇಲ್ಲ. ಈಗ ಪ್ರತಿ ಸರ್ವಿಸ್ ಆದಮೇಲೆ ಅಲ್ಲೇ ಬಗ್ಗಿ, ಆ ತಟ್ಟೆಯನ್ನು ಕೈಯಿಂದ ಅಲ್ಲಾಡಿಸಿ ನೋಡಿಯೇ ಗೇಟ್ ಪಾಸ್ ತೆಗೆದುಕೊಳ್ಳುತ್ತೇನೆ.

ಉಳಿದಿರುವುದು ಟೈರ್. 36 ಪಿಎಸ್‌ಐ ಇದ್ದದ್ದನ್ನು ಬಾಗಿಲ ಕಂಬದ ಸ್ಟಿಕರ್‌ನಲ್ಲಿರುವ 33ಕ್ಕೆ ತಂದಾಗಲೇ ಕಾಂಕ್ರೀಟ್ ರಸ್ತೆಯ ಸಂದುಗಳ ಮೇಲಿನ ಟಪಟಪ ಮೆತ್ತಗಾಯಿತು. ಕಂಪನಿ ಕೊಟ್ಟ ಟೈರ್‌ನ ಬ್ಲಾಕ್‌ಗಳು ಒರಟು, ಸವೆಯುತ್ತಾ ಕಾಂಕ್ರೀಟ್ ಮೇಲೆ ಗೊರಗೊರ ಹೆಚ್ಚುತ್ತಿದೆ. ಇನ್ನೂ ಹತ್ತು–ಹನ್ನೆರಡು ಸಾವಿರ ಕಿ.ಮೀ. ಬಾಳುವಂತಿವೆ. ಮುಗಿದಾಗ ಅದೇ ಅಳತೆಯ ಮೆತ್ತನೆ ಟೂರಿಂಗ್ ಟೈರ್ ಹಾಕಿಸಿ, ಅದೇ ಫೋನ್‌ನಲ್ಲಿ, ಅದೇ ರಸ್ತೆಯಲ್ಲಿ ಅಳೆದು ಅಂಕಿ ಕೊಡುತ್ತೇನೆ.